ಮಂಡಕಳ್ಳಿಯಲ್ಲಿ ಲ್ಯಾಂಡಿಂಗ್ ಅಭ್ಯಾಸ: ಕಣ್ಣು ಎಲ್ಲಿರಬೇಕು

ಸೆಸ್ನಾ 172 ಎಂಬ ಸಣ್ಣ ತರಬೇತಿ ವಿಮಾನದ ಲ್ಯಾಂಡಿಂಗ್ ಕೆಡುವುದು ನೆಲದ ಹತ್ತಿರ ಅಂತ ಕಲಿಯುವವರಿಗೆ ಅನಿಸುತ್ತದೆ. ನಾನು ಕಂಡಂತೆ ಅದು ಬಹುಮಟ್ಟಿಗೆ ಫೈನಲ್‌ನಲ್ಲೇ (ರನ್‌ವೇಗೆ ನೇರವಾಗಿ ಇಳಿದು ಬರುವ ಕೊನೆಯ ಹಂತ) ಕೆಟ್ಟಿರುತ್ತದೆ, ವೇಗದಿಂದ.

ಸರ್ಕ್ಯೂಟ್, ಅಂದರೆ ಇಳಿಯುವ ಮುನ್ನ ರನ್‌ವೇ ಸುತ್ತ ಹಾಕುವ ಸುತ್ತು, ನೆಲದಿಂದ 1,000 ಅಡಿ. ಮಂಡಕಳ್ಳಿಯ ಮೈಸೂರು ವಿಮಾನ ನಿಲ್ದಾಣವೇ ಸಮುದ್ರ ಮಟ್ಟದಿಂದ 2,300 ಅಡಿಗೂ ಮೇಲಿದೆ, ಹಾಗಾಗಿ ಆಲ್ಟಿಮೀಟರ್ (ಎತ್ತರ ಮಾಪಕ) 3,300 ದಾಟಿರಬೇಕು. ಡೌನ್‌ವಿಂಡ್‌ನಲ್ಲಿ (ರನ್‌ವೇಗೆ ಸಮಾನಾಂತರವಾಗಿ, ಇಳಿಯುವ ದಿಕ್ಕಿಗೆ ವಿರುದ್ಧವಾಗಿ ಹಾರುವ ಹಂತ) ಇಳಿಯುವ ಜಾಗ ರೆಕ್ಕೆಯ ನೇರಕ್ಕೆ ಬಂದಾಗ ಪವರ್ 1,500 ಆರ್‌ಪಿಎಂ, ಫ್ಲ್ಯಾಪ್ (ರೆಕ್ಕೆಯ ಹಿಂಬದಿ ಇಳಿಸುವ ಪಟ್ಟಿ) 10 ಡಿಗ್ರಿ, ವೇಗ 80 ನಾಟ್. ಬೇಸ್‌ನಲ್ಲಿ (ಫೈನಲ್‌ಗೆ ಮುಂಚಿನ ಅಡ್ಡ ಹಂತ) 20 ಡಿಗ್ರಿ, 70. ಫೈನಲ್‌ನಲ್ಲಿ 30 ಡಿಗ್ರಿ, 65. ಫ್ಲ್ಯಾಪ್ ಇಳಿಸಿದಾಗೆಲ್ಲ ಮೂಗು ಮೇಲೇಳುತ್ತದೆ. ಯೋಕ್ (ವಿಮಾನ ತಿರುಗಿಸುವ ಹಿಡಿಕೆ) ಮುಂದಕ್ಕೆ ಒತ್ತಿ ಹಿಡಿದು, ವೇಗ ಸ್ಥಿರವಾದ ಮೇಲೆ ಟ್ರಿಮ್ ಮಾಡುತ್ತೇನೆ, ಅಂದರೆ ಆ ಒತ್ತಡ ಕೈಗೆ ಬೀಳದಂತೆ ಹೊಂದಿಸುತ್ತೇನೆ. ಟ್ರಿಮ್ ಸರಿಯಿದ್ದರೆ ಎರಡು ಬೆರಳು ಸಾಕು. ಮುಷ್ಟಿ ಬಿಗಿದಿದೆ ಎಂದರೆ ಟ್ರಿಮ್ ಬಾಕಿಯಿದೆ.

ಏಪ್ರಿಲ್ ಮಧ್ಯಾಹ್ನ 32 ಡಿಗ್ರಿ ಸೆಕೆಯಲ್ಲಿ ಇಲ್ಲಿನ ಗಾಳಿ 4,500 ಅಡಿಗೂ ಮೇಲಿನ ಗಾಳಿಯಷ್ಟು ತೆಳು. ವೇಗಮಾಪಕದ ಮುಳ್ಳು 65 ತೋರಿಸುವಾಗ ನಿಜವಾದ ವೇಗ ಸುಮಾರು 70. ರನ್‌ವೇ ಓಡಿ ಬಂದಂತೆ ಕಾಣುತ್ತದೆ, ಕೈ ತಾನಾಗಿ ಮೂಗು ಎತ್ತಲು ಹೋಗುತ್ತದೆ. ಎತ್ತಬೇಡಿ. ರೆಕ್ಕೆಗೆ ಗೊತ್ತಿರುವುದು ಮುಳ್ಳಿನ ವೇಗ ಮಾತ್ರ. ಹಾಗಂತ 'ಸುರಕ್ಷಿತವಾಗಿರಲಿ' ಎಂದು 72ರಲ್ಲಿ ಬಂದರೆ ಶಕ್ತಿ ಶೇ. 20ಕ್ಕೂ ಹೆಚ್ಚಾಗಿ, ವಿಮಾನ ತೇಲುತ್ತಲೇ ಹೋಗುತ್ತದೆ. 1,740 ಮೀಟರ್ ರನ್‌ವೇ ಇದೆಯಲ್ಲ ಎಂಬ ಧೈರ್ಯ ಕೆಟ್ಟ ಅಭ್ಯಾಸ ಕಲಿಸುತ್ತದೆ.

ಸುಮಾರು 15 ಅಡಿಯಲ್ಲಿ ಥ್ರಾಟಲ್ ಪೂರ್ತಿ ಹಿಂದಕ್ಕೆ. ಅಲ್ಲಿಂದ ಮುಳ್ಳು ಬಿಟ್ಟು ಕಣ್ಣು ರನ್‌ವೇಯ ಆ ತುದಿಗೆ. ಮೂಗಿನ ಮುಂದಿನ ನೆಲ ನೋಡಿದರೆ ಎತ್ತರ ತಿಳಿಯದೆ ಒಮ್ಮೆಲೇ ಎಳೆಯುತ್ತೀರಿ, ವಿಮಾನ ಮೇಲಕ್ಕೆ ಚಿಮ್ಮುತ್ತದೆ. ಆಗ ಯೋಕ್ ಮುಂದಕ್ಕೆ ತಳ್ಳುವುದೇ ದೊಡ್ಡ ಅಪಾಯ: ಮೂಗಿನ ಚಕ್ರ ಮೊದಲು ಬಡಿದು, ಪುಟಿದು, ಮುಂದಿನ ಪೆಟ್ಟು ಇನ್ನೂ ಜೋರಾಗುತ್ತದೆ. ಚಿಮ್ಮಿದ್ದು ಸ್ವಲ್ಪವಾದರೆ ಮೂಗು ಹಾಗೇ ಹಿಡಿದು ತುಸು ಪವರ್ ಕೊಡಿ. ಹೆಚ್ಚಾದರೆ ಗೋ-ಅರೌಂಡ್ (ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವುದು): ಪೂರ್ತಿ ಪವರ್, ಫ್ಲ್ಯಾಪ್ 20ಕ್ಕೆ. ಲ್ಯಾಂಡಿಂಗ್ ಟ್ರಿಮ್ ಇರುವುದರಿಂದ ಮೂಗು ಜೋರಾಗಿ ಏಳುತ್ತದೆ. ಒತ್ತಿ ಹಿಡಿಯಲು ಮೊದಲೇ ಸಿದ್ಧವಿರಿ.

ಮುಂಗಾರಿನ ಪಡುವಣ ಗಾಳಿಗೆ ರನ್‌ವೇ 27 (ಪಶ್ಚಿಮಕ್ಕೆ, ಸುಮಾರು 270 ಡಿಗ್ರಿ ದಿಕ್ಕಿಗೆ) ಬಳಸುವಾಗ ಗಾಳಿ ನೈಋತ್ಯಕ್ಕೆ ತಿರುಗಿದರೆ ಎಡಗಡೆಯಿಂದ ಅಡ್ಡ ಬೀಸುತ್ತದೆ. 240 ಡಿಗ್ರಿ ದಿಕ್ಕಿನಿಂದ 12 ನಾಟ್ ಎಂದರೆ ಅಡ್ಡಗಾಳಿ 6 ನಾಟ್. ಎಡ ರೆಕ್ಕೆ ತಗ್ಗಿಸಿ, ಬಲ ರಡರ್‌ನಿಂದ (ಬಾಲದ ಚುಕ್ಕಾಣಿ) ಮೂಗು ನೇರ ಮಾಡಿ, ಎಡ ಚಕ್ರ ಮೊದಲು ತಾಗಿಸುತ್ತೇನೆ. ತಾಗಿದ ಮೇಲೂ ಏಲರಾನ್ (ರೆಕ್ಕೆ ಓರೆಯಾಗಿಸುವ ಪಟ್ಟಿ) ಸಡಿಲಿಸುವಂತಿಲ್ಲ; ವೇಗ ಇಳಿದಂತೆ ಯೋಕ್ ಎಡಕ್ಕೆ ಪೂರ್ತಿ ಹೋಗಬೇಕು.