ಅಲಾಯ್ ವೀಲ್ ಹಾಕಿಸಿದ ಮೇಲೆ ಟೈರ್ ಉಜ್ಜುತ್ತಿದೆಯಾ?

ಶಬ್ದ ಕೇಳಿದ ಕೂಡಲೇ ಫೆಂಡರ್ (ಚಕ್ರದ ಮೇಲಿನ ಬಾಡಿ ತಗಡು) ತಟ್ಟಿಸಲು ಹೋಗಬೇಡಿ. ಮೊದಲು ಗುರುತು ಹುಡುಕಿ. ಟೈರಿನ ಒಳಬದಿ ಹೊಳೆಯುತ್ತಿದ್ದರೆ ಅದು ಒಳಗಿನ ಶಾಕ್ ಅಬ್ಸಾರ್ಬರ್ ಕಂಬವಾದ ಸ್ಟ್ರಟ್‌ಗೆ ತಾಗುತ್ತಿದೆ. ಹೊರಭುಜ ಸವೆದಿದ್ದರೆ ಫೆಂಡರ್ ಅಂಚಿಗೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಶಬ್ದ ಬಂದರೆ ಫೆಂಡರ್ ಒಳಗಿನ ಪ್ಲಾಸ್ಟಿಕ್ ಹೊದಿಕೆ, ಅಂದರೆ ಲೈನರ್ ನೋಡಿ. ಹಿಂದೆ ಮೂವರನ್ನು ಕೂರಿಸಿಕೊಂಡು ಒಂದು ಹಂಪ್ ದಾಟಿಸಿ ನೋಡುವುದು ತುಂಬಾ ಮುಖ್ಯ. ಖಾಲಿ ಕಾರಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ.

ನಿಜವಾದ ಕಾರಣ ಹೆಚ್ಚಾಗಿ ಆಫ್‌ಸೆಟ್. ವೀಲ್ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖ ಎಷ್ಟು ಮಿ.ಮೀ. ದೂರ ಅನ್ನುವುದೇ ಇದು. ವೀಲ್ ಒಳಗೆ ಇಟಿ 45, ಇಟಿ 38 ಅಂತ ಬರೆದಿರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ವೀಲ್ ಹೊರಗೆ ಬರುತ್ತದೆ. 5.5 ಇಂಚು ಅಗಲದ ಇಟಿ 45 ವೀಲ್ ತೆಗೆದು 6.5 ಇಂಚು ಇಟಿ 38 ಹಾಕಿದರೆ ಹೊರ ಅಂಚು ಸುಮಾರು 20 ಮಿ.ಮೀ. ಆಚೆ ಬರುತ್ತದೆ. ಒಳ ಅಂಚೂ 6 ಮಿ.ಮೀ.ನಷ್ಟು ಸ್ಟ್ರಟ್ ಕಡೆ ಹೋಗುತ್ತದೆ. ಅಂಗಡಿಯವರು 'ಕೂರುತ್ತೆ ಸರ್' ಅಂದರೂ ಈ ಲೆಕ್ಕ ನೀವೇ ಹಾಕಿ.

ಟೈರಿನ ಎತ್ತರವೂ ನೋಡಿ. 185/65 ಆರ್15 (185 ಮಿ.ಮೀ. ಅಗಲ, ಪಕ್ಕದ ಎತ್ತರ ಅದರ ಶೇ. 65, ರಿಮ್ 15 ಇಂಚು) ಇದ್ದ ಕಾರಿಗೆ 195/55 ಆರ್16 ಹಾಕಿದರೆ ಎತ್ತರ ಹೆಚ್ಚುಕಡಿಮೆ ಅಷ್ಟೇ, 621 ಮಿ.ಮೀ. ಅದೇ 195/65 ಆರ್15 ಹಾಕಿದರೆ 13 ಮಿ.ಮೀ. ಜಾಸ್ತಿ.

ಒಳಗೆ ತಾಗುತ್ತಿದ್ದರೆ 3 ಅಥವಾ 5 ಮಿ.ಮೀ. ಸ್ಪೇಸರ್ (ವೀಲ್ ಹಿಂದೆ ಇಟ್ಟು ಅದನ್ನು ಹೊರಗೆ ತರುವ ಬಿಲ್ಲೆ) ಸಾಕಾಗಬಹುದು. ಆದರೆ ಸ್ಪೇಸರ್ ಹಾಕಿದ ಮೇಲೆ ನಟ್ ಎಷ್ಟು ಸುತ್ತು ಹಿಡಿಯುತ್ತದೆ ಅಂತ ಎಣಿಸಲೇಬೇಕು. ನಟ್ ಕೂರುವ ಸ್ಟಡ್ 12 ಮಿ.ಮೀ., ಪಿಚ್ (ಒಂದು ಸುತ್ತಿಗೆ ನಟ್ ಸಾಗುವ ದೂರ) 1.5 ಮಿ.ಮೀ. ಆದರೆ ಕನಿಷ್ಠ 8 ಸುತ್ತು ಬೇಕು. ಕಡಿಮೆ ಇದ್ದರೆ ಉದ್ದದ ಸ್ಟಡ್ ಹಾಕಿಸಿ, ಇಲ್ಲವೇ ಆ ಸ್ಪೇಸರ್ ಬಿಟ್ಟುಬಿಡಿ. ಕ್ಯಾಲಿಪರ್ ತಾಗಿದರೆ ಅದನ್ನು ಗ್ರೈಂಡ್ ಮಾಡಲು ಯಾರಿಗೂ ಬಿಡಬೇಡಿ, ಅದು ಬ್ರೇಕ್. ವೀಲೇ ಬದಲಿಸಿ.