ಮನೆಯ ಬೇಲಿ ಕೆಲಸವನ್ನು ಗುತ್ತಿಗೆಗೆ ಕೊಡುವ ಮುನ್ನ

ಕೊಡಗಿನ ಮಳೆಯಲ್ಲಿ ಬೇಲಿ ಎಷ್ಟು ವರ್ಷ ನಿಲ್ಲುತ್ತದೆ ಎಂಬುದು ಕಂಬದ ಗುಂಡಿಯಲ್ಲೇ ತೀರ್ಮಾನವಾಗುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಹಿತ್ತಲಿಗೆ ಮೇ ತಿಂಗಳ ಕೊನೆಯಲ್ಲಿ ಬೇಲಿ ಹಾಕಿಸಿದ್ದೆವು. ಕೆಲಸ ಎರಡೇ ದಿನದಲ್ಲಿ ಮುಗಿಯಿತೆಂದು ಸಂತೋಷಪಟ್ಟೆವು. ಜುಲೈ-ಆಗಸ್ಟ್‌ನಲ್ಲಿ ಬರುವ ಕೊಡವ ತಿಂಗಳಾದ ಕಕ್ಕಡದ ಮಳೆ ಒಂದು ವಾರ ಬಿಡದೆ ಸುರಿದ ಮೇಲೆ ಏಳು ಕಂಬಗಳು ಬರೆಯ, ಅಂದರೆ ಕಡಿದಾದ ಮಣ್ಣಿನ ದಿಣ್ಣೆಯ, ಕಡೆಗೆ ವಾಲಿದವು. ಒಂದು ಕಂಬವನ್ನು ಕೈಯಲ್ಲೇ ಎಳೆದಾಗ ಬುಡದಲ್ಲಿ ಅಕ್ಕಿರೊಟ್ಟಿಯಷ್ಟು ದಪ್ಪದ ಕಾಂಕ್ರೀಟ್ ಮಾತ್ರ ಕಂಡಿತು; ಅದರ ಕೆಳಗೆಲ್ಲ ಅಗೆದ ಕೆಂಪು ಮಣ್ಣನ್ನೇ ಮತ್ತೆ ತುಂಬಿದ್ದರು. ಮಾತುಕತೆಯ ಸಮಯದಲ್ಲಿ ನಾವು ಕೇಳಿದ್ದು ತಂತಿಯ ಬೆಲೆಯನ್ನಷ್ಟೇ, ಗುಂಡಿಯ ಬಗ್ಗೆ ಒಂದು ಮಾತನ್ನೂ ಆಡಿರಲಿಲ್ಲ.

ಗುತ್ತಿಗೆದಾರರನ್ನು ಕರೆಯುವುದಕ್ಕೂ ಮೊದಲು ಗಡಿ ಖಚಿತವಾಗಬೇಕು. ಹಳೆಯ ಬೇಲಿ ಇರುವ ಜಾಗವೇ ಗಡಿ ಎಂದು ನಂಬುವುದು ಸರಿಯಲ್ಲ, ಏಕೆಂದರೆ ಮಳೆಗೆ ಬರೆ ಜಾರಿದಾಗ, ತೋಡು (ಸಣ್ಣ ಹಳ್ಳ) ದಿಕ್ಕು ಬದಲಿಸಿದಾಗ, ಪ್ರತಿ ದುರಸ್ತಿಯಲ್ಲೂ ಅರ್ಧ ಅಡಿ ಆಚೀಚೆ ಆದಾಗ ಬೇಲಿ ನಿಧಾನವಾಗಿ ಸರಿದಿರುತ್ತದೆ. ಪಹಣಿ ಇರುವ ಜಮೀನಾದರೆ ನಾಡಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಗಡಿ ಅಳತೆಗೆ, ಅರ್ಜಿ ಕೊಡಬಹುದು. ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸ್ ನೀಡಿ, ಭೂಮಾಪಕರು ಅಳತೆ ಮಾಡಿ ಗಡಿ ಗುರುತಿಸಿಕೊಡುತ್ತಾರೆ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದಂತಹ ಪಟ್ಟಣಗಳ ನಿವೇಶನಗಳಿಗೆ ಖಾತೆ ಮತ್ತು ಬಡಾವಣೆಯ ನಕ್ಷೆಯನ್ನು ಜೊತೆಯಲ್ಲಿಟ್ಟು ಅಳೆಯಬೇಕು. ಜಾಗ ಜಮ್ಮಾ (ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿ) ಆಗಿದ್ದು ಕುಟುಂಬದ ಹಲವರ ಹೆಸರಿನಲ್ಲಿದ್ದರೆ, ಅವರೆಲ್ಲರ ಒಪ್ಪಿಗೆಯನ್ನು ಮೊದಲೇ ಬರೆಸಿಕೊಳ್ಳುವುದು ಕ್ಷೇಮ. ಪಕ್ಕದ ಮನೆಯವರನ್ನು ಕರೆದು ಗಡಿಯುದ್ದಕ್ಕೂ ಒಮ್ಮೆ ನಡೆದು ನೋಡಿದರೆ ಮುಂದಿನ ಜಗಳಗಳಲ್ಲಿ ಹೆಚ್ಚಿನವು ಅಲ್ಲಿಯೇ ತಪ್ಪುತ್ತವೆ. ಗಡಿಯಲ್ಲಿ ಮರಗಳಿದ್ದರೆ ಗುತ್ತಿಗೆದಾರರ ಮಾತಿನ ಮೇಲೆ ಕಡಿಸಬೇಡಿ. ರಾಜ್ಯದಲ್ಲಿ 1976ರ ಮರ ಸಂರಕ್ಷಣಾ ಕಾಯ್ದೆ ಇರುವುದರಿಂದ ಅರಣ್ಯ ಇಲಾಖೆಯಲ್ಲಿ ವಿಚಾರಿಸಿದ ನಂತರವೇ ಕೊಡಲಿ ಎತ್ತಬೇಕು.

ಗುತ್ತಿಗೆದಾರರನ್ನು ಆರಿಸುವಾಗ ಅವರು ಮೊಬೈಲಿನಲ್ಲಿ ತೋರಿಸುವ ಹೊಸ ಬೇಲಿಯ ಚಿತ್ರಗಳನ್ನು ನೋಡಿ ನಿರ್ಧರಿಸಬೇಡಿ. ಕನಿಷ್ಠ ಎರಡು ಮಳೆಗಾಲ ಕಳೆದಿರುವ, ಅವರೇ ಮಾಡಿದ ಬೇಲಿಯೊಂದನ್ನು ತೋರಿಸಲು ಕೇಳಿ. ಅಲ್ಲಿಗೆ ಹೋಗಿ ಮೂಲೆಯ ಕಂಬವನ್ನು ಎರಡೂ ಕೈಗಳಿಂದ ಹಿಡಿದು ಅಲುಗಾಡಿಸಿ, ಗೇಟು ಸಲೀಸಾಗಿ ಮುಚ್ಚುತ್ತದೆಯೇ ನೋಡಿ, ಮನೆಯವರೊಂದಿಗೆ ಮಾತನಾಡಿ. ನಂತರ ನಿಮ್ಮ ಜಾಗಕ್ಕೆ ಅವರನ್ನು ಕರೆಸಿ, ಗಡಿಯನ್ನು ಪೂರ್ತಿ ನಡೆಸಿ. ಇಳಿಜಾರು, ಬಂಡೆ, ನೀರು ಹರಿಯುವ ದಾರಿ ಇವೆಲ್ಲವನ್ನೂ ನೋಡದೆ ಫೋನಿನಲ್ಲಿಯೇ ಒಂದು ಅಡಿಗೆ ಇಷ್ಟು ಎಂದು ದರ ಹೇಳುವವರು ಆಮೇಲೆ ಒಂದೊಂದಕ್ಕೂ ಹೆಚ್ಚುವರಿ ಹಣ ಕೇಳುವುದು ಸಾಮಾನ್ಯ. ಮೂವರಿಂದ ದರಪಟ್ಟಿ ಪಡೆಯಿರಿ. ಆದರೆ ಮೂವರಿಗೂ ಒಂದೇ ವಿವರವನ್ನು ಬರೆದುಕೊಡಿ. ಇಲ್ಲವಾದರೆ ಒಬ್ಬರು ಹತ್ತು ಗೇಜಿನ ಜಾಲರಿಗೂ ಇನ್ನೊಬ್ಬರು ಹದಿನಾಲ್ಕು ಗೇಜಿನದಕ್ಕೂ ದರ ಹೇಳಿರುತ್ತಾರೆ. ಗೇಜಿನ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳುವಾಗುತ್ತದೆ ಎಂಬುದು ಹಲವರಿಗೆ ಗೊತ್ತಿರುವುದಿಲ್ಲ.

ಒಪ್ಪಂದವು ಒಂದೇ ಹಾಳೆಯಲ್ಲಿದ್ದರೂ ಸಾಕು, ಆದರೆ ಅದರಲ್ಲಿ ಗುಂಡಿಯ ಅಳತೆ ಇರಲೇಬೇಕು. ಏಳು ಅಡಿಯ ಕಂಬಕ್ಕೆ ಎರಡು ಅಡಿ ಆಳ, ಮೂಲೆ ಮತ್ತು ಗೇಟಿನ ಕಂಬಗಳಿಗೆ ಎರಡೂವರೆ ಅಡಿ ಆಳ, ಒಂದು ಅಡಿ ಅಗಲ, ತಳದಲ್ಲಿ ಮೂರು ನಾಲ್ಕು ಅಂಗುಲ ಜಲ್ಲಿ, ಅದರ ಮೇಲೆ ಗುಂಡಿಯ ತುಂಬ 1:2:4 ಪ್ರಮಾಣದ (ಸಿಮೆಂಟ್, ಮರಳು, ಜಲ್ಲಿ) ಕಾಂಕ್ರೀಟ್ ಎಂದು ನಾನು ಬರೆಸುತ್ತೇನೆ. ಕಾಂಕ್ರೀಟಿನ ಮೇಲ್ಭಾಗ ನೆಲಕ್ಕಿಂತ ಸ್ವಲ್ಪ ಎತ್ತರವಾಗಿದ್ದು ಸುತ್ತಲೂ ಇಳಿಜಾರಾಗಿರಬೇಕು, ಆಗ ಕಂಬದ ಬುಡದಲ್ಲಿ ನೀರು ನಿಲ್ಲುವುದಿಲ್ಲ. ಕಂಬಗಳ ನಡುವಿನ ಅಂತರ ಎಂಟರಿಂದ ಹತ್ತು ಅಡಿ, ಮೂಲೆಗಳಲ್ಲಿಯೂ ಉದ್ದನೆಯ ಸಾಲಿನ ನಡುನಡುವೆಯೂ ಓರೆಯಾದ ಆಸರೆ ಕಂಬ, ಕಾಂಕ್ರೀಟಿಗೆ ಏಳು ದಿನ ನೀರುಣಿಸಿದ ನಂತರವೇ ತಂತಿ ಎಳೆಯುವುದು, ಇವೆಲ್ಲವೂ ಬರಹದಲ್ಲಿರಲಿ. ಇಳಿಜಾರಿನಲ್ಲಿ ಜಾಲರಿಯನ್ನು ಮೆಟ್ಟಿಲಿನಂತೆ ಕಟ್ಟಿದರೆ ಪ್ರತಿ ಮೆಟ್ಟಿಲಿನ ಕೆಳಗೂ ತ್ರಿಕೋನಾಕಾರದ ಸಂದಿ ಉಳಿಯುತ್ತದೆ, ಕಾಡುಹಂದಿ ನುಗ್ಗುವುದಕ್ಕೆ ಅಷ್ಟು ಸಾಕು. ಆದ್ದರಿಂದ ನೆಲದ ಓರೆಯನ್ನೇ ಅನುಸರಿಸಿ ಎಳೆಯಬೇಕೆಂದು ಸ್ಪಷ್ಟವಾಗಿ ಹೇಳಿ. ಬರೆಯ ಅಂಚಿನಲ್ಲಿ ಗುಂಡಿ ತೋಡಿದರೆ ಅದರೊಳಗೆ ಇಳಿಯುವ ನೀರೇ ಬರೆಯನ್ನು ಸಡಿಲಗೊಳಿಸುತ್ತದೆ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದದ್ದನ್ನು ಕಂಡ ನಮಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಜಾಗ ಸ್ವಲ್ಪ ಕಡಿಮೆಯಾದರೂ ಬೇಲಿಯನ್ನು ಅಂಚಿನಿಂದ ಒಳಕ್ಕೆ ಸರಿಸುವುದೇ ಒಳ್ಳೆಯದು.

ಹಣವನ್ನು ಕೆಲಸದ ಹಂತಕ್ಕೆ ಹೊಂದಿಸಿ ಕೊಡಿ. ಮುಂಗಡ ಕಾಲು ಭಾಗವನ್ನು ಮೀರದಿರಲಿ, ಎರಡನೆಯ ಕಂತನ್ನು ಗುಂಡಿಗಳನ್ನೆಲ್ಲ ನೀವೇ ಅಳತೆಪಟ್ಟಿ ಇಳಿಸಿ ನೋಡಿದ ದಿನ ಕೊಡಿ, ಹತ್ತನೇ ಒಂದು ಭಾಗವನ್ನು ಮಳೆಗಾಲ ಮುಗಿಯುವವರೆಗೆ ಉಳಿಸಿಕೊಳ್ಳುವುದಾಗಿ ಮೊದಲೇ ಒಪ್ಪಿಸಿ. ಸಾಮಗ್ರಿಯ ಬಿಲ್ ಕೇಳಿ ಪಡೆಯಿರಿ. ಕೆಲಸಗಾರರಿಗೆ ಪೆಟ್ಟಾದರೆ ಚಿಕಿತ್ಸೆಯ ಹೊಣೆ ಯಾರದೆಂಬುದನ್ನೂ ಬರೆಸಿ. ಮುಳ್ಳುತಂತಿ ಎಳೆಯುವಾಗ ಅದು ಚಿಮ್ಮಿ ಕಣ್ಣಿಗೆ ತಾಗುವ ಅಪಾಯವಿದೆ, ಅವರಿಗೆ ಕೈಗವಸು ಮತ್ತು ಕನ್ನಡಕ ಇದೆಯೇ ಎಂದು ವಿಚಾರಿಸುವುದು ಮನೆಯವರ ಕರ್ತವ್ಯವೂ ಹೌದು.

ಸಮಯದ ವಿಚಾರದಲ್ಲಿ ಕೊಡಗಿನ ಸುಗ್ಗಿ ಹಬ್ಬವಾದ ಪುತ್ತರಿ ಕಳೆದ ಮೇಲೆ ಕಾಫಿ ಕೊಯ್ಲು ಬಿರುಸಾಗುವುದರಿಂದ ಆಳು ಸಿಗುವುದು ಕಷ್ಟ. ಜನವರಿಯಲ್ಲಿ ಮಾತು ಮುಗಿಸಿ, ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಕೆಲಸ ಮಾಡಿಸಿದರೆ ಜೂನ್ ಮಳೆಯ ಹೊತ್ತಿಗೆ ಬುಡ ಗಟ್ಟಿಯಾಗಿರುತ್ತದೆ.

ಆನೆಯ ಓಡಾಟವಿರುವ ಕಡೆ ಕೆಲವರು ಸೋಲಾರ್ ಬೇಲಿ ಕೇಳುತ್ತಾರೆ. ಅದಕ್ಕೆ ಕ್ಷಣಕ್ಷಣ ಬಿಟ್ಟು ಮಿಡಿತವಾಗಿ ವಿದ್ಯುತ್ ಹರಿಸುವ, ಪ್ರಮಾಣೀಕೃತ ಎನರ್ಜೈಸರ್ ಯಂತ್ರವೇ ಬೇಕು. ಮನೆಯ ವಿದ್ಯುತ್ ಲೈನಿನಿಂದ ನೇರವಾಗಿ ತಂತಿಗೆ ಸಂಪರ್ಕ ಕೊಡುವುದಾಗಿ ಯಾರಾದರೂ ಹೇಳಿದರೆ ಅವರನ್ನು ಆಗಲೇ ವಾಪಸ್ ಕಳುಹಿಸಿ. ಅದು ಅಪರಾಧ, ಆನೆಗಳೂ ಮನುಷ್ಯರೂ ಅಂತಹ ತಂತಿಗೆ ಸಿಕ್ಕಿ ಸತ್ತಿದ್ದಾರೆ.

ದುರಸ್ತಿಗೆ ಬಂದವರು ಪೂರ್ತಿ ಹೊಸದನ್ನೇ ಹಾಕಿಸಿ ಎಂದು ಹೇಳಿದರೆ ಮೊದಲು ನೀವೇ ಪರೀಕ್ಷಿಸಿ. ತಂತಿಯ ಮೇಲೆ ಬಿಳಿ ಪುಡಿ ಕಂಡರೆ ಸತುವಿನ ಲೇಪ ಸವೆಯತೊಡಗಿದೆ ಎಂದಷ್ಟೇ ಅರ್ಥ. ಕಂದು ತುಕ್ಕು ಕೈಗೆ ಮೆತ್ತಿಕೊಂಡರೆ ಒಳಗಿನ ಕಬ್ಬಿಣವೇ ತಿನ್ನಲ್ಪಡುತ್ತಿದೆ, ಆ ಭಾಗವನ್ನು ಬದಲಿಸಬೇಕು. ಸಿಮೆಂಟ್ ಕಂಬದಲ್ಲಿ ಉದ್ದಕ್ಕೆ ಬಿರುಕು ಬಿಟ್ಟು ತುಕ್ಕಿನ ಕಲೆ ಇಳಿದಿದ್ದರೆ ಒಳಗಿನ ಸರಳು ಹಾಳಾಗಿದೆ, ಗಾರೆ ಬಳಿದರೆ ಅದು ಉಳಿಯುವುದಿಲ್ಲ. ನೇರವಾಗಿಯೇ ಇದ್ದು ಅಲುಗಾಡುವ ಕಂಬಕ್ಕೆ ಮಾತ್ರ ಬುಡ ಬಿಡಿಸಿ ಕಾಂಕ್ರೀಟ್ ಹಾಕಿದರೆ ಸಾಕು. ನಾಲ್ಕೈದು ಕಂಬಗಳ ಸಣ್ಣ ಕೆಲಸಕ್ಕೆ ಗುತ್ತಿಗೆದಾರರು ಬರಲು ಹಿಂಜರಿಯುತ್ತಾರೆ. ನಮ್ಮ ಊರಿನಲ್ಲಿ ಮೂರು ಮನೆಯವರು ದುರಸ್ತಿಯನ್ನು ಒಟ್ಟುಗೂಡಿಸಿ ಒಂದೇ ವಾರದಲ್ಲಿ ಮಾಡಿಸಿಕೊಂಡೆವು. ನಮ್ಮ ಹಿತ್ತಲಿನ ಆ ಏಳು ಕಂಬಗಳನ್ನೂ ಆಗಲೇ ಕಿತ್ತು ಮತ್ತೆ ನೆಡಿಸಿದೆವು, ಈ ಬಾರಿ ಪ್ರತಿಯೊಂದು ಗುಂಡಿಗೂ ಅಳತೆಪಟ್ಟಿ ಇಳಿಸಿದ ಮೇಲೆಯೇ ಕಾಂಕ್ರೀಟ್ ಸುರಿಯಲು ಬಿಟ್ಟೆವು.