ಸಾಧಕರ ಪುಟಕ್ಕಿಂತ ಮೊದಲು ವಿಳಾಸದ ಪಟ್ಟಿ: ಬಿ-ಸ್ಕೂಲಿನ ಹಳೆ ವಿದ್ಯಾರ್ಥಿ ವಿಭಾಗದ ಕೆಲಸ

ಬಿ-ಸ್ಕೂಲಿನ, ಅಂದರೆ ಎಂಬಿಎ ಕಲಿಸುವ ಸಂಸ್ಥೆಯ, ಹಳೆ ವಿದ್ಯಾರ್ಥಿ ವಿಭಾಗಕ್ಕೆ ಮೇಲಿನಿಂದ ಬರುವ ಬೇಡಿಕೆ ಬಹುತೇಕ ಒಂದೇ: ‘ಈ ತಿಂಗಳ ಸಾಧಕರು ಯಾರ್‍ಯಾರು, ಬೇಗ ಕೊಡಿ.’ ಪತ್ರಿಕೆ, ಲಿಂಕ್ಡ್‌ಇನ್ ಜಾಲಾಡಿದರೆ ಒಂದು ಮಧ್ಯಾಹ್ನದಲ್ಲಿ ಐದು ಹೆಸರು ಸಿಗುತ್ತವೆ. ಆದರೆ ಆ ದಾರಿ ಹಿಡಿದರೆ ವರ್ಷವಿಡೀ ಅದೇ ಹತ್ತು ಹದಿನೈದು ಮುಖಗಳೇ ಸುತ್ತುತ್ತವೆ. ಉಳಿದ ಸಾವಿರಾರು ಜನ ‘ಇದು ನಮ್ಮಂಥವರಿಗಲ್ಲ’ ಎಂದು ನಮ್ಮ ಸುದ್ದಿಪತ್ರದ ಮೇಲ್ ತೆರೆಯುವುದನ್ನೇ ಬಿಡುತ್ತಾರೆ. ನಾನು ಕೆಲಸ ಮಾಡುವ ಕ್ರಮ ಇದಕ್ಕೆ ಉಲ್ಟಾ. ಮೊದಲು ಪಟ್ಟಿ, ಆಮೇಲೆ ಬ್ಯಾಚಿಗೆ ಹೊಣೆಗಾರ ಪ್ರತಿನಿಧಿಗಳು, ಸುದ್ದಿ ಅದರ ಬೆನ್ನಿಗೆ ತಾನಾಗಿ ಬರುತ್ತದೆ.

ಪಟ್ಟಿ ಎಂದರೆ ಒಬ್ಬರಿಗೆ ಒಂದು ಸಾಲು. ಆ ಸಾಲಿನ ಬೀಗದ ಕೈ ಹೆಸರಲ್ಲ, ರಿಜಿಸ್ಟರ್ ನಂಬರ್. ಒಂದೇ ಹೆಸರಿನವರು ಒಂದೇ ಬ್ಯಾಚಿನಲ್ಲಿ ಇಬ್ಬರಿರುತ್ತಾರೆ, ಮದುವೆಯ ನಂತರ ಹೆಸರು ಬದಲಾಗಿರುತ್ತದೆ, ಇನಿಶಿಯಲ್ ಮುಂದಿನದು ಹಿಂದಾಗಿರುತ್ತದೆ. ಹೆಸರು ನೋಡಿ ಎರಡು ಸಾಲು ಕೂಡಿಸಿದರೆ ಒಬ್ಬರ ಬಡ್ತಿ ಇನ್ನೊಬ್ಬರ ಖಾತೆಗೆ ಹೋಗುತ್ತದೆ. ಅದಕ್ಕೇ ‘ಪದವಿ ಪತ್ರದಲ್ಲಿರುವ ಹೆಸರು’, ‘ಈಗ ಬಳಸುವ ಹೆಸರು’ ಎಂದು ಎರಡು ಕಾಲಂ ಇಡುತ್ತೇನೆ. ಬ್ಯಾಚ್ ವರ್ಷಕ್ಕೂ ಎರಡು ಕಾಲಂ: ಸೇರಿದ ವರ್ಷ, ಮುಗಿಸಿದ ವರ್ಷ. ‘ನಾನು 2012ರ ಬ್ಯಾಚ್’ ಎನ್ನುವವರಲ್ಲಿ ಕೆಲವರು ಸೇರಿದ ವರ್ಷ ಹೇಳುತ್ತಾರೆ, ಕೆಲವರು ಹೊರಬಿದ್ದ ವರ್ಷ. ಎರಡು ವರ್ಷದ ಕೋರ್ಸಿನಲ್ಲಿ ಇದನ್ನು ಬೇರ್ಪಡಿಸದಿದ್ದರೆ ಹತ್ತನೇ ವರ್ಷದ ಸಮ್ಮಿಲನಕ್ಕೆ ಅರ್ಧ ಜನ ತಪ್ಪು ವರ್ಷದಲ್ಲಿ ಆಹ್ವಾನ ಪಡೆಯುತ್ತಾರೆ.

ಇಮೇಲ್ ಕಾಲಂನಲ್ಲಿ ವೈಯಕ್ತಿಕ ವಿಳಾಸವೇ ಇರಬೇಕು. ಕ್ಯಾಂಪಸ್ಸಿನ ವಿಳಾಸ ಪದವಿಯ ಜೊತೆ ಮುಗಿಯುತ್ತದೆ, ಕಚೇರಿಯದು ಕೆಲಸ ಬಿಟ್ಟ ದಿನ ಸಾಯುತ್ತದೆ. ವೈಯಕ್ತಿಕ ವಿಳಾಸ ಕೇಳಿಕೊಳ್ಳಲು ಒಳ್ಳೆಯ ಹೊತ್ತು ಘಟಿಕೋತ್ಸವವಲ್ಲ. ಅಂದು ಯಾರಿಗೂ ಫಾರಂ ತುಂಬುವ ಗಮನವಿರುವುದಿಲ್ಲ. ಕೊನೆಯ ಸೆಮಿಸ್ಟರಿನಲ್ಲಿ ‘ಬಾಕಿ ಏನೂ ಇಲ್ಲ’ ಎಂಬ ನೋ-ಡ್ಯೂಸ್ ಸಹಿ ಹಾಕಿಸುವಾಗಲೇ ಕೇಳಬೇಕು. ಪ್ರತಿ ಸಾಲಿನ ತುದಿಗೆ ಇನ್ನೆರಡು ಕಾಲಂ ಇರುತ್ತವೆ, ಹೆಚ್ಚಿನವರು ಬಿಡುವುದು ಇವನ್ನೇ: ‘ಕೊನೆಗೆ ಖಚಿತಪಡಿಸಿಕೊಂಡ ದಿನ’ ಮತ್ತು ‘ಯಾರಿಂದ ತಿಳಿಯಿತು’. ದಿನಾಂಕವಿಲ್ಲದ ಹುದ್ದೆಯ ಮಾಹಿತಿ ಕೇವಲ ಊಹೆ. ಎರಡು ವರ್ಷ ದಾಟಿದ್ದನ್ನು ನಾನು ಹಳದಿ ಮಾಡುತ್ತೇನೆ, ಹಳದಿ ಸಾಲಿನಿಂದ ಸುದ್ದಿ ಬರೆಯುವುದಿಲ್ಲ.

‘ನಿಧನ’ ಎಂಬ ಕಾಲಂ ಕೂಡ ಬೇಕು. ಅಲ್ಲಿ ಗುರುತು ಬಿದ್ದ ದಿನವೇ ಎಲ್ಲ ಮೇಲ್ ನಿಲ್ಲಬೇಕು, ಮುಖ್ಯವಾಗಿ ತಂತಾನೇ ಹೋಗುವ ಹುಟ್ಟುಹಬ್ಬದ ಶುಭಾಶಯ ಮತ್ತು ದೇಣಿಗೆ ಮನವಿ. ತೀರಿಕೊಂಡವರ ಮನೆಯವರಿಗೆ ‘ಹುಟ್ಟುಹಬ್ಬದ ಶುಭಾಶಯಗಳು’ ತಲುಪುವುದು ಈ ಕೆಲಸದಲ್ಲಿ ಆಗಬಹುದಾದ ಅತಿ ಕೆಟ್ಟ ತಪ್ಪು. ಅದಕ್ಕೆ ಕ್ಷಮೆ ಕೇಳುವ ಸರಿಯಾದ ಪತ್ರವನ್ನು ಯಾರೂ ಬರೆಯಲಾರರು.

ಮೇಲ್ ಕಳಿಸುವ ಕಡೆ ಒಂದು ತಾಂತ್ರಿಕ ಸಂಗತಿ. 2024ರ ಫೆಬ್ರವರಿಯಿಂದ ಜಿಮೇಲ್ ಖಾತೆಗಳಿಗೆ ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ (ಮೇಲ್ ನಿಜವಾಗಿ ನಮ್ಮಿಂದಲೇ ಹೋದದ್ದು ಎಂದು ತೋರಿಸುವ ವ್ಯವಸ್ಥೆಗಳು) ಮೂರೂ ಕಡ್ಡಾಯ. ಒಂದೇ ಕ್ಲಿಕ್ಕಿಗೆ ಪಟ್ಟಿಯಿಂದ ಹೊರಬರುವ ವ್ಯವಸ್ಥೆ ಇರಬೇಕು, ಸ್ಪ್ಯಾಮ್ ದೂರು 0.3 ಶೇಕಡಾ ಮುಟ್ಟಬಾರದು. ಸತ್ತ ವಿಳಾಸಗಳಿಗೆ ಮತ್ತೆ ಮತ್ತೆ ಕಳಿಸುತ್ತಿದ್ದರೆ ಬದುಕಿರುವ ವಿಳಾಸಗಳಿಗೆ ಹೋಗುವ ಮೇಲ್ ಕೂಡ ಸ್ಪ್ಯಾಮಿಗೆ ಬೀಳುತ್ತದೆ. ಆದ್ದರಿಂದ ‘ವಿಳಾಸವೇ ಇಲ್ಲ’ ಎಂದು ವಾಪಸಾದದ್ದನ್ನು ಅದೇ ದಿನ ತೆಗೆದು ಬ್ಯಾಚ್ ಪ್ರತಿನಿಧಿಗೆ ಒಪ್ಪಿಸಬೇಕು. ‘ಡಬ್ಬಿ ತುಂಬಿದೆ’ ಎಂದು ವಾಪಸಾದದ್ದಕ್ಕೆ ಇನ್ನೆರಡು ಸಲ ಪ್ರಯತ್ನಿಸಬಹುದು.

ಈ ಪ್ರತಿನಿಧಿಯ ಆಯ್ಕೆಯೇ ಅರ್ಧ ಕೆಲಸ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಮೊದಲ ವರ್ಷದವರನ್ನು ಸುಮಾರು 90 ಜನರ ಸೆಕ್ಷನ್‌ಗಳಾಗಿ ವಿಂಗಡಿಸುತ್ತಾರೆ, ವರ್ಷವಿಡೀ ಅದೇ ಗುಂಪು ಒಟ್ಟಿಗೆ ಕೂರುತ್ತದೆ. ಪದವಿಯ ನಂತರವೂ ಜನ ಮೊದಲು ನೆನೆಯುವುದು ಆ ಸೆಕ್ಷನ್ನನ್ನೇ. ಸೆಕ್ಷನ್ ಇಲ್ಲದ ಕಡೆ 40 ಜನಕ್ಕೆ ಒಬ್ಬರಂತೆ ಹಂಚುತ್ತೇನೆ, ಅದಕ್ಕಿಂತ ಹೆಚ್ಚಾದರೆ ಯಾರೂ ಫೋನ್ ಮಾಡುವುದಿಲ್ಲ. ಚಿನ್ನದ ಪದಕದವರನ್ನು ಹುಡುಕಿ ಹೋಗಬೇಡಿ. ವಾಟ್ಸಾಪ್ ಗ್ರೂಪಿನ ಅಡ್ಮಿನ್ ಕೂಡ ಬೇಡ. ಗ್ರೂಪಿನಿಂದ ಬೇಸತ್ತು ಹೊರಹೋದವರೇ ನಮ್ಮ ಪಟ್ಟಿಯಲ್ಲಿ ಕಳೆದುಹೋದವರು, ಅವರು ಅಡ್ಮಿನ್ ಫೋನ್ ಎತ್ತುವುದಿಲ್ಲ! ಓದುವಾಗ ಪ್ರಾಜೆಕ್ಟ್ ವರದಿಯ ಬೈಂಡಿಂಗ್ ಮಾಡಿಸಿ ಎಲ್ಲರ ಪ್ರತಿಯನ್ನೂ ತಂದುಕೊಟ್ಟವರು ಯಾರು ಎಂದು ಕೇಳಿ. ಎಲ್ಲ ಬ್ಯಾಚಿನಲ್ಲೂ ಅಂಥವರೊಬ್ಬರು ಇದ್ದೇ ಇರುತ್ತಾರೆ.

ಅವರಿಗೆ ಮೂರು ತಿಂಗಳಿಗೊಮ್ಮೆ ಒಂದು ಗಂಟೆಯ ಕೆಲಸ ಮಾತ್ರ. 40 ಸಾಲಿನ ಹಾಳೆ, ಅದರಲ್ಲಿ ಖಾಲಿಯಿರುವ ಐದಾರು ಕೋಣೆಗಳು. ‘ನಿಮ್ಮ ಬ್ಯಾಚಿನ ಸಾಧನೆಗಳನ್ನು ಕಳಿಸಿಕೊಡಿ’ ಎಂದು ಕೇಳಿದರೆ ಏನೂ ಬರುವುದಿಲ್ಲ. ‘ಈ ನಾಲ್ವರು ಈಗ ಎಲ್ಲಿದ್ದಾರೆ, ಸ್ವಲ್ಪ ವಿಚಾರಿಸಿ ಹೇಳ್ತೀರಾ?’ ಎಂದು ಕೇಳಿದರೆ ನಾಲ್ವರ ಜೊತೆ ಇನ್ನಿಬ್ಬರ ಸುದ್ದಿಯೂ ಬರುತ್ತದೆ.

ಈ ತಲೆನೋವೆಲ್ಲ ಯಾಕೆ ಎಂದರೆ, ಹಳೆ ವಿದ್ಯಾರ್ಥಿ ಬಳಗದ ನಿಜವಾದ ಬೆಲೆ ಇರುವುದು ದೂರದ ಪರಿಚಯದಲ್ಲಿ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟ್ಟರ್ 1973ರಲ್ಲೇ ಇದನ್ನು ಹೇಳಿದ್ದರು: ಹೊಸ ಕೆಲಸದ ಸುಳಿವು ಆಪ್ತರಿಗಿಂತ ಹೆಚ್ಚಾಗಿ ಅಪರೂಪಕ್ಕೆ ಸಿಗುವವರಿಂದ ಬರುತ್ತದೆ, ಏಕೆಂದರೆ ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಲಿಂಕ್ಡ್‌ಇನ್‌ನಲ್ಲಿ ಸುಮಾರು 2 ಕೋಟಿ ಜನರ ಮೇಲೆ ನಡೆದ ಪ್ರಯೋಗಗಳ ವಿಶ್ಲೇಷಣೆ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಅದು ಈ ಮಾತಿಗೆ ಒಂದು ತಿದ್ದುಪಡಿ ಸೇರಿಸಿತು: ತೀರಾ ದೂರದವರಲ್ಲ, ಮಧ್ಯಮ ದೂರದವರೇ ಹೆಚ್ಚು ಉಪಯೋಗಕ್ಕೆ ಬರುವವರು. ಒಂದೇ ಕಾಲೇಜು, ಎರಡು ಮೂರು ಬ್ಯಾಚ್ ಅಂತರ ಎನ್ನುವುದು ಬಹುಮಟ್ಟಿಗೆ ಅಂಥದೇ ದೂರ.

ಇನ್ನು ಸುದ್ದಿ. ಹೆಚ್ಚು ಎಡವುವುದು ಇಲ್ಲೇ.

ಮೊದಲ ಪ್ರಶ್ನೆ, ಯಾರು ಹಳೆ ವಿದ್ಯಾರ್ಥಿ? ಮೂರು ದಿನದ ತರಬೇತಿಗೆ ಬಂದುಹೋದ ದೊಡ್ಡ ಅಧಿಕಾರಿಯನ್ನು ‘ನಮ್ಮವರು’ ಎಂದು ಬರೆಯುವ ಆಸೆ ಎಲ್ಲರಿಗೂ ಇರುತ್ತದೆ. ಹಾರ್ವರ್ಡ್ ತನ್ನ ಅಡ್ವಾನ್ಸ್ಡ್ ಮ್ಯಾನೇಜ್‌ಮೆಂಟ್ ಪ್ರೋಗ್ರಾಂ ಮುಗಿಸಿದವರಿಗೆ ಪದವಿಯಿಲ್ಲದೆಯೂ ಅಲುಮ್ನಿ ಸ್ಥಾನ ಕೊಡುತ್ತದೆ, ಆದರೆ ಅದು ವಾರಗಟ್ಟಲೆ ನಡೆಯುವ ಕೋರ್ಸ್, ನಿಯಮವೂ ಲಿಖಿತ. ನಿಮ್ಮಲ್ಲೂ ನಿಯಮ ಒಂದು ಪುಟದಲ್ಲಿ ಬರೆದಿರಲಿ. ಓದನ್ನು ಅರ್ಧಕ್ಕೆ ಬಿಟ್ಟವರ ಬಗ್ಗೆಯೂ ಅದರಲ್ಲಿ ಒಂದು ಸಾಲಿರಲಿ, ಅವರಲ್ಲೊಬ್ಬರು ಹೆಸರು ಮಾಡಿದ ದಿನ ಅದು ಬೇಕಾಗುತ್ತದೆ.

ಎರಡನೆಯದು ಖಚಿತಪಡಿಸಿಕೊಳ್ಳುವುದು. ಹುದ್ದೆಯಾದರೆ ಕಂಪನಿಯ ಅಧಿಕೃತ ಪ್ರಕಟಣೆ ನೋಡುತ್ತೇನೆ. ಷೇರುಪೇಟೆಯಲ್ಲಿರುವ ಕಂಪನಿಯಾದರೆ ಅವರೇ ಬಹಿರಂಗಪಡಿಸುವ ತನಕ ಒಂದಕ್ಷರವೂ ಹೊರಹೋಗಬಾರದು, ಸ್ನೇಹಿತರು ಖುಷಿಗೆ ಹೇಳಿದ್ದನ್ನು ನಾವು ಮೊದಲು ಹಾಕಿದರೆ ಹುದ್ದೆ ಪಡೆದವರ ಕೆಲಸಕ್ಕೇ ಕುತ್ತು ಬರಬಹುದು. ಹೊಸ ಕಂಪನಿಯ ಸುದ್ದಿಯಲ್ಲಿ ‘ಸ್ಥಾಪಕ’ರೋ ‘ಸಹ-ಸ್ಥಾಪಕ’ರೋ ಎಂದು ಕೇಳಲೇಬೇಕು. ಉಳಿದ ಸ್ಥಾಪಕರ ಹೆಸರು ಬಿಟ್ಟುಹೋದರೆ ಸಿಟ್ಟಿನ ಮೇಲ್ ಅವರಿಂದಲೇ ಬರುತ್ತದೆ. ಹೂಡಿಕೆಯ ಮೊತ್ತವಾದರೆ ಸಹಿಯಾಗಿದೆಯೇ, ಪೂರ್ತಿ ಬಂದಿದೆಯೇ, ಕಂತುಗಳಲ್ಲಿ ಬರುವ ಭರವಸೆ ಮಾತ್ರವೇ? ಅನುಮಾನವಿದ್ದರೆ ಮೊತ್ತ ಬಿಟ್ಟು ಬರೆದರಾಯಿತು.

ಪ್ರಶಸ್ತಿಗಳ ವಿಷಯದಲ್ಲಿ ನಾನು ಜಿಪುಣ. ಮೂರು ಪ್ರಶ್ನೆ ಹಾಕಿಕೊಳ್ಳುತ್ತೇನೆ: ತೀರ್ಪುಗಾರರ ಹೆಸರು ಪ್ರಕಟವಾಗಿದೆಯೇ, ಗೆದ್ದ ಮೇಲೆ ಟ್ರೋಫಿಗೋ ಸಮಾರಂಭದ ಮೇಜಿಗೋ ದುಡ್ಡು ಕೇಳಿದ್ದಾರೆಯೇ, ಒಂದೇ ವಿಭಾಗದಲ್ಲಿ ಎಷ್ಟು ಜನ ‘ವಿಜೇತರು’? ‘ವರ್ಷದ ಪ್ರಭಾವಿ ನಾಯಕ’ ಎಂಬಂಥವುಗಳಲ್ಲಿ ಬಹಳಷ್ಟು ಈ ಜರಡಿಯಲ್ಲಿ ಸೋರಿಹೋಗುತ್ತವೆ. ‘ನಿಮ್ಮದು ಕೊಂಡ ಪ್ರಶಸ್ತಿ’ ಎಂದು ಯಾರ ಮುಖಕ್ಕೂ ಹೇಳಬೇಕಾಗಿಲ್ಲ. ‘ಪ್ರಶಸ್ತಿಗಿಂತ ಈ ವರ್ಷ ಮಾಡಿದ ಕೆಲಸದ ಬಗ್ಗೆ ನಾಲ್ಕು ಸಾಲು ಕೊಡಿ ಸರ್, ಅದನ್ನೇ ಹಾಕ್ತೀವಿ’ ಎಂದರೆ ಮುಗಿಯಿತು, ಹೆಚ್ಚಿನವರು ಸಂತೋಷದಿಂದ ಕೊಡುತ್ತಾರೆ.

ಬರೆದದ್ದನ್ನು ಸಂಬಂಧಪಟ್ಟವರಿಗೆ ಕಳಿಸಿ ಎರಡು ದಿನ ಕಾಯುತ್ತೇನೆ. ಉತ್ತರ ಬರದಿದ್ದರೆ ಅದು ಒಪ್ಪಿಗೆ ಅಲ್ಲ, ಮುಂದಿನ ಸಂಚಿಕೆಗೆ ಹೋಗುತ್ತದೆ.

ಬರವಣಿಗೆಗೆ ಒಂದು ಮಾದರಿ. ಬರುವ ಕರಡು ಹೀಗಿರುತ್ತದೆ: ‘ನಮ್ಮ ಹೆಮ್ಮೆಯ ಹಳೆ ವಿದ್ಯಾರ್ಥಿಯೊಬ್ಬರು ಪ್ರತಿಷ್ಠಿತ ಕಂಪನಿಯ ಉನ್ನತ ಹುದ್ದೆ ಅಲಂಕರಿಸಿ ಸಂಸ್ಥೆಗೆ ಕೀರ್ತಿ ತಂದಿದ್ದಾರೆ.’ ಇದರಲ್ಲಿ ಓದುಗನಿಗೆ ಸಿಕ್ಕಿದ್ದೇನು? ನಾನು ತಿದ್ದುವುದು ಹೀಗೆ: ‘2011ರಲ್ಲಿ ಹಣಕಾಸು ವಿಷಯದಲ್ಲಿ ಎಂಬಿಎ ಮುಗಿಸಿದ ಇವರು ಔಷಧ ಸಾಗಣೆ ಕಂಪನಿಯೊಂದರ ಕಾರ್ಯಾಚರಣೆ ಮುಖ್ಯಸ್ಥರಾಗಿದ್ದಾರೆ. ಆರು ಶೀತಲ ಗೋದಾಮುಗಳ ಉಸ್ತುವಾರಿ ಇವರದು. ಹಣಕಾಸಿನಿಂದ ಕಾರ್ಯಾಚರಣೆಗೆ ಬರಬೇಕೆನ್ನುವವರು ಬರೆದರೆ ಉತ್ತರಿಸುತ್ತಾರೆ.’ ಕೊನೆಯ ಸಾಲೇ ಮುಖ್ಯ. ಅದಿಲ್ಲದಿದ್ದರೆ ಸುದ್ದಿ ಗೋಡೆಗೆ ಹಚ್ಚಿದ ಫೋಟೋ, ಇದ್ದರೆ ಬಾಗಿಲು. ಆದರೆ ಅವರನ್ನು ಕೇಳದೆ ಆ ಸಾಲು ಹಾಕಬಾರದು.

ದೊಡ್ಡ ಸಾಧನೆ ಮಾತ್ರ ಹಾಕುತ್ತೇವೆ ಎನ್ನುವವರಿಗೆ ಒಂದು ಉದಾಹರಣೆ ಹೇಳುತ್ತೇನೆ. ‘ನೈಕಿ’ ಶೂ ಕಂಪನಿಯ ಸಹ-ಸ್ಥಾಪಕ ಫಿಲ್ ನೈಟ್ ಸ್ಟ್ಯಾನ್‌ಫರ್ಡಿನಲ್ಲಿ ಎಂಬಿಎ ಮುಗಿಸಿದ್ದು 1962ರಲ್ಲಿ. ಜಪಾನಿನ ಓಟದ ಶೂಗಳು ಜರ್ಮನಿಯವಕ್ಕೆ ಪೈಪೋಟಿ ಕೊಡಬಲ್ಲವು ಎಂದು ಅಲ್ಲಿನ ತರಗತಿಗೊಂದು ಪ್ರಬಂಧ ಬರೆದಿದ್ದರು. ಆಮೇಲೆ ಹಲವು ವರ್ಷ ಅವರದು ಲೆಕ್ಕಪರಿಶೋಧನೆಯ ಕೆಲಸ, ಅಕೌಂಟೆನ್ಸಿ ಪಾಠ. 1964ರಲ್ಲಿ ಶುರುವಾದ ಶೂ ವ್ಯಾಪಾರ ಪಕ್ಕದ ಕೆಲಸವಾಗಿಯೇ ಇತ್ತು, ‘ನೈಕಿ’ ಹೆಸರು ಬಂದದ್ದು 1971ರಲ್ಲಿ. ಪದವಿಯಾಗಿ ಐದು ವರ್ಷಕ್ಕೆ ಯಾವ ‘ಸಾಧಕರ ಪುಟ’ವೂ ಅವರನ್ನು ಆರಿಸುತ್ತಿರಲಿಲ್ಲ. 2006ರಲ್ಲಿ ಅವರು ತಮ್ಮ ಬಿ-ಸ್ಕೂಲಿಗೆ ಕೊಟ್ಟದ್ದು 10.5 ಕೋಟಿ ಡಾಲರ್. ಕೆಲಸ ಬದಲಾದದ್ದು, ಊರು ಬದಲಾದದ್ದು, ಸಣ್ಣದೊಂದು ವ್ಯಾಪಾರ ಶುರುವಾದದ್ದು, ಇವೆಲ್ಲ ಒಂದೊಂದು ಸಾಲಿನಲ್ಲಿ ಬರಲಿ ಎನ್ನುವುದು ಅದಕ್ಕೇ. ಒಂದು ದೊಡ್ಡ ಸುದ್ದಿಗೆ ಹದಿನೈದು ಸಣ್ಣ ಸಾಲು, ಇದು ನನ್ನ ಅಳತೆ.

ಬಿ-ಸ್ಕೂಲುಗಳ ಶ್ರೇಯಾಂಕದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಫೈನಾನ್ಶಿಯಲ್ ಟೈಮ್ಸ್‌ನ ಎಂಬಿಎ ಪಟ್ಟಿ ಪದವಿ ಮುಗಿಸಿ ಮೂರು ವರ್ಷವಾದವರನ್ನು ಸಮೀಕ್ಷೆಗೆ ಕೇಳುತ್ತದೆ. ಆದ್ದರಿಂದ ಎರಡೂವರೆ ವರ್ಷವಾದ ಬ್ಯಾಚಿನ ವಿಳಾಸಗಳನ್ನು ಮೊದಲು ಸರಿಮಾಡಿಕೊಳ್ಳಿ. ‘ಸಮೀಕ್ಷೆ ಬರುತ್ತದೆ, ದಯವಿಟ್ಟು ಉತ್ತರಿಸಿ’ ಎನ್ನಬಹುದು, ‘ಹೀಗೆ ಉತ್ತರಿಸಿ’ ಎನ್ನಬಾರದು. ಶ್ರೇಯಾಂಕಕ್ಕಾಗಿ ಸುಳ್ಳು ಅಂಕಿಅಂಶ ಕಳಿಸಿದ್ದಕ್ಕೆ ಅಮೆರಿಕದ ಬಿ-ಸ್ಕೂಲೊಂದರ ಮಾಜಿ ಡೀನ್ 2021ರಲ್ಲಿ ತಪ್ಪಿತಸ್ಥರೆಂದು ಅಲ್ಲಿನ ನ್ಯಾಯಾಲಯದಲ್ಲಿ ತೀರ್ಮಾನವಾಯಿತು.

ಕ್ಯಾಂಪಸ್ಸಿನೊಳಗಿನ ಬದುಕಿಗೂ ಈ ಪಟ್ಟಿಗೂ ಕೊಂಡಿ ಎಂದರೆ ವಿದ್ಯಾರ್ಥಿ ಕ್ಲಬ್‌ಗಳು. ಹಣಕಾಸು ಕ್ಲಬ್‌ನ ಹಳೆಯ ಕಾರ್ಯದರ್ಶಿ ಡೀನ್ ಕಳಿಸಿದ ಮೇಲ್ ಬಿಟ್ಟಾರು, ಈಗಿನ ಕಾರ್ಯದರ್ಶಿ ‘ಅಕ್ಕಾ, ನೀವು ಶುರು ಮಾಡಿದ ಕೇಸ್ ಸ್ಪರ್ಧೆ ಈ ಸಲವೂ ಇದೆ’ ಎಂದು ಬರೆದರೆ ಅದೇ ರಾತ್ರಿ ಉತ್ತರ ಬರುತ್ತದೆ. ಆದರೆ ಎರಡು ವರ್ಷದ ಕೋರ್ಸಿನಲ್ಲಿ ಕ್ಲಬ್‌ಗೆ ನೆನಪು ಉಳಿಯುವುದಿಲ್ಲ. ಹಳೆ ತಂಡ ಪ್ಲೇಸ್‌ಮೆಂಟ್ ಮುಗಿಸಿ ಹೊರಟಿತೆಂದರೆ ಪಾಸ್‌ವರ್ಡ್ ಕೂಡ ಜೊತೆಗೇ ಹೋಗುತ್ತದೆ. ಆದ್ದರಿಂದ ಕ್ಲಬ್‌ನ ಮೇಲ್ ಖಾತೆ ಹುದ್ದೆಯ ಹೆಸರಿನಲ್ಲಿರಲಿ, ವ್ಯಕ್ತಿಯ ಹೆಸರಿನಲ್ಲಿ ಬೇಡ. ಹಳೆ ತಂಡ, ಹೊಸ ತಂಡ ಕನಿಷ್ಠ ಆರು ವಾರ ಜೊತೆಗೆ ಕೆಲಸ ಮಾಡಲಿ. ಹಸ್ತಾಂತರದ ಕಡತದಲ್ಲಿ ಖರ್ಚಿನ ಲೆಕ್ಕ, ಬಂದ ಅತಿಥಿಗಳ ಪಟ್ಟಿಯ ಜೊತೆಗೆ ‘ಈ ವರ್ಷ ಕೆಟ್ಟದ್ದು ಏನು, ಯಾಕೆ’ ಎಂಬ ಒಂದು ಪುಟ ಇರಲೇಬೇಕು.

ಹಳೆ ವಿದ್ಯಾರ್ಥಿಗಳು ಈಗಿನವರಿಗೆ ದಾರಿ ತೋರಿಸುವ ಮೆಂಟರ್ ವ್ಯವಸ್ಥೆಯಲ್ಲಿ ಒಬ್ಬರಿಗೆ ಇಬ್ಬರು ವಿದ್ಯಾರ್ಥಿಗಳು, ಮೂರು ಭೇಟಿ, ಮುಗಿಯುವ ದಿನ ಮೊದಲೇ ಗೊತ್ತಿರಬೇಕು. ಕೊನೆಯಿಲ್ಲದ ಮೆಂಟರಿಂಗ್ ಮುಜುಗರದಲ್ಲಿ ಸಾಯುತ್ತದೆ. ಭೇಟಿ ಕೇಳುವ ಹೊಣೆ ವಿದ್ಯಾರ್ಥಿಯದು. ಮೊದಲ ಮೇಲ್‌ನಲ್ಲೇ ರೆಸ್ಯೂಮೆ ಅಂಟಿಸಿ ‘ನಿಮ್ಮಲ್ಲಿ ಖಾಲಿ ಹುದ್ದೆ ಇದೆಯೇ’ ಎಂದು ಕೇಳಿದರೆ ಮೆಂಟರ್ ಮುಂದಿನ ವರ್ಷ ಹೆಸರು ಕೊಡುವುದಿಲ್ಲ. ಆದ್ದರಿಂದ ಆ ಮೊದಲ ಮೇಲನ್ನು ನಮ್ಮ ಕಣ್ಣೆದುರೇ ಬರೆಸುತ್ತೇವೆ.

ಸಮ್ಮಿಲನಕ್ಕೆ ಒಂಬತ್ತು ತಿಂಗಳು ಮೊದಲು ದಿನಾಂಕ ತಿಳಿಸಬೇಕು, ಮೂರು ತಿಂಗಳಿರುವಾಗ ‘ಯಾರ್‍ಯಾರು ಬರುತ್ತಿದ್ದಾರೆ’ ಎಂಬ ಹೆಸರುಗಳನ್ನು ಒಪ್ಪಿಗೆ ಪಡೆದು ಕಳಿಸಬೇಕು. ಜನ ಬರುವುದು ಕಾರ್ಯಕ್ರಮಕ್ಕಲ್ಲ, ಆ ಹೆಸರುಗಳಿಗೆ. ಬರುತ್ತೇನೆ ಎಂದವರಲ್ಲಿ ನಾಲ್ಕಕ್ಕೊಬ್ಬರು ಬರುವುದಿಲ್ಲ ಎಂದುಕೊಂಡೇ ಕುರ್ಚಿ ಹಾಕಿಸುತ್ತೇನೆ. ಎದೆಯ ಬ್ಯಾಡ್ಜಿನಲ್ಲಿ ಕರೆಯುವ ಹೆಸರು ದಪ್ಪಕ್ಷರದಲ್ಲಿ, ಕೆಳಗೆ ಮುಗಿಸಿದ ವರ್ಷ, ಅಷ್ಟೇ. ಹುದ್ದೆ, ಕಂಪನಿ ಹಾಕಿದರೆ ಎದುರಿಗೆ ಬಂದವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ, ಆ ವರ್ಷ ಕೆಲಸ ಕಳೆದುಕೊಂಡವರು ಬಾಗಿಲಿಂದಲೇ ವಾಪಸಾಗುತ್ತಾರೆ.

ನೋಂದಣಿ ಮೇಜಿನ ಪಕ್ಕದಲ್ಲಿ ಇನ್ನೊಂದು ಮೇಜು ಹಾಕಿಸಿ. ಅದರ ಮೇಲೆ ಬ್ಯಾಚಿನ ಪಟ್ಟಿಯನ್ನು ದೊಡ್ಡಕ್ಷರದಲ್ಲಿ ಮುದ್ರಿಸಿ ಹಾಸಿ, ಹೆಸರು, ವರ್ಷ, ಊರು ಮಾತ್ರ, ಫೋನ್ ನಂಬರು ಬೇಡವೇ ಬೇಡ. ನಾಲ್ಕು ಕೆಂಪು ಪೆನ್ನು ಇಡಿ, ದಾರ ಕಟ್ಟಿಯೇ ಇಡಿ, ಇಲ್ಲದಿದ್ದರೆ ಮಧ್ಯಾಹ್ನದೊಳಗೆ ಮಾಯ. ಆನ್‌ಲೈನ್ ಫಾರಂ ತುಂಬದವರೂ ಅಲ್ಲಿ ಬಗ್ಗಿ ನಿಂತು ತಮ್ಮ ಸಾಲು ತಿದ್ದುತ್ತಾರೆ, ಆಮೇಲೆ ಬಾರದ ಗೆಳೆಯನ ಹೆಸರಿನ ಮುಂದೆ ‘ಊರು ತಪ್ಪು, ಹೋದ ವರ್ಷವೇ ಬಿಟ್ಟ’ ಎಂದು ಗೀಚುತ್ತಾರೆ. ಅಂದು ರಾತ್ರಿಯೇ ಆ ಹಾಳೆಗಳ ಫೋಟೋ ತೆಗೆದುಕೊಳ್ಳಿ. ಮಾರನೇ ವಾರ ಕೆಂಪಕ್ಷರದ ಒಂದೊಂದು ಸಾಲನ್ನೂ ಎಕ್ಸೆಲ್‌ಗೆ ಇಳಿಸುವಾಗ ‘ಯಾರಿಂದ ತಿಳಿಯಿತು’ ಕಾಲಂನಲ್ಲಿ ‘ಸಮ್ಮಿಲನದ ಹಾಳೆ, ಗೆಳೆಯರ ಕೈಬರಹ’ ಎಂದು ಬರೆದಿಡಿ.